ಹುಲಿ ನೋಡಲು ಹೋಗುವಾಗ ಮಲ್ಲಿಗೆ ಮುಡಿಯಬಾರದು

ಹುಲಿ ನೋಡಲು ಹೋಗುವಾಗ ಮಲ್ಲಿಗೆ ಮುಡಿಯಬಾರದು ಎಂದು ನನಗೆ ಹೇಳಿಕೊಟ್ಟವರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಹೆಸರು ಯಾಕ್ರೀ ಬೇಕಿತ್ತು ಟೀಚರ್, ವಿಷಯ ಹೇಳಿ ಸಾಕು ಎಂದು ಎಲ್ಲಿದ್ದರೂ ಗದರುತ್ತಾರೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ರೇಷ್ಮೆ ಮೇಡಂ ಎನ್ನುತ್ತಿದ್ದರು. ಮೂವತ್ತು ಚಿಲ್ಲರೆ ವರ್ಷ ಊರೂರು ತಿರುಗಿ, ರೇಷ್ಮೆ ಹುಳು ಸಾಕುವ ರೈತರಿಗೆ ಹೇಳಿಕೊಡುವ ಸರ್ಕಾರಿ ಕೆಲಸ ಮಾಡಿ, ನಿವೃತ್ತರಾದ ಮೇಲೆ ನಮ್ಮ ಎದುರು ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, ಹುಳ ಬಿಡುವು ಕೊಡಲಿಲ್ಲ ಎನ್ನುತ್ತಿದ್ದರು. ಹಾಗೆನ್ನುವಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಮಾತು ನನ್ನ ಕಸುಬು. ತರಗತಿಯಲ್ಲಿ ಆಡಿದ್ದು ಸಾಲದು ಎಂದು ಸ್ಟಾಫ್ ರೂಮಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಫೋನಿನಲ್ಲಿ ಆಡುತ್ತೇನೆ. ಅಂಥವಳು ಮೇಡಂ ಬಗ್ಗೆ ನಾಲ್ಕು ಸಾಲು ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ. ಅವರ ಬಗ್ಗೆ ಬರೆದರೆ, ಅವರು ಕಡೆಯವರೆಗೂ ನಿಜವೆಂದು ನಂಬಿಕೊಂಡಿದ್ದ ಒಂದು ಸುಳ್ಳಿನ ಬಗ್ಗೆಯೂ ಬರೆಯಬೇಕು. ಆ ಸುಳ್ಳನ್ನು ಬೆಳೆಯಲು ಬಿಟ್ಟವಳು ನಾನು.

ಮೊದಲು ಅವರ ಚಪ್ಪಲಿಯ ವಿಷಯ ಹೇಳುತ್ತೇನೆ. ಅವರ ಮನೆಯ ಬಾಗಿಲಲ್ಲಿ ಯಾವಾಗಲೂ ಎರಡು ಜೊತೆ ಚಪ್ಪಲಿ ಇರುತ್ತಿದ್ದವು, ಎರಡೂ ಒಂದೇ ಥರದ ಕಪ್ಪು ರಬ್ಬರಿನವು. ಒಂದು ಜೊತೆ ಹಾಕಿಕೊಂಡು ಒಂದು ಮನೆಗೆ ಹೋದರೆ, ಅದನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟು, ಇನ್ನೊಂದು ಮನೆಗೆ ಇನ್ನೊಂದು ಜೊತೆಯಲ್ಲಿ ಹೋಗುತ್ತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೂ ಈ ಅಭ್ಯಾಸ ಹೋಗಿರಲಿಲ್ಲ. ನಮ್ಮ ಮನೆಗೆ ಕಾಫಿಗೆ ಬಂದರೂ ಬಾಗಿಲಲ್ಲಿ ಕಾಲು ತೊಳೆದೇ ಒಳಗೆ ಬರುತ್ತಿದ್ದರು. ಇದೇನು ಮಡಿ ಮೇಡಂ ಎಂದು ಒಂದು ದಿನ ರೇಗಿಸಿದೆ. ಅವತ್ತು ಅವರು ಹೇಳಿದ ಕಥೆ ಇದು.

ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯ ಹುಳುಮನೆಯಲ್ಲಿ ಸುಣ್ಣಕಟ್ಟು ರೋಗ ಬಂದಿತ್ತು. ಆ ರೋಗದಲ್ಲಿ ಸತ್ತ ಹುಳ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದಂತೆ. ಅದನ್ನು ನೋಡಿ ಹೊರಟವರು, ಸಂಜೆಯ ಬಸ್ಸು ತಪ್ಪಿಹೋಗುತ್ತದೆಂಬ ಅವಸರದಲ್ಲಿ ಕಾಲು ತೊಳೆಯದೆ ಪಕ್ಕದ ಹಳ್ಳಿಯ ಇನ್ನೊಂದು ಹುಳುಮನೆಗೂ ಕಾಲಿಟ್ಟರು. ವಾರದೊಳಗೆ ಅಲ್ಲಿಯೂ ಹುಳ ಬೆಳ್ಳಗಾದವು. ಗೂಡು ಕಟ್ಟಬೇಕಾಗಿದ್ದ ಹುಳವನ್ನೆಲ್ಲ ಮಂಕರಿಗಳಲ್ಲಿ ತುಂಬಿ ಗುಂಡಿಗೆ ಸುರಿದರು. ಮೇಡಂ ಅವತ್ತು ಹೋದಾಗ ಆ ಮನೆಯ ಹೆಂಗಸು ಒಂದು ಮಾತು ಆಡದೆ ಕಾಫಿ ತಂದುಕೊಟ್ಟಳಂತೆ.

‘ಬೈದಿದ್ರೆ ಚೆನ್ನಾಗಿತ್ತು ಕಣ್ರೀ’ ಎಂದರು ಮೇಡಂ. ‘ಕಾಫಿ ಕೊಟ್ಬಿಟ್ಳು. ಅದು ಇನ್ನೂ ಇಳ್ದಿಲ್ಲ.’

ಆಮೇಲಿಂದ ಒಂದು ಹುಳುಮನೆಯದನ್ನು ಇನ್ನೊಂದಕ್ಕೆ ಒಯ್ಯಬಾರದು ಎಂಬುದು ಅವರ ನಿಯಮವಾಯಿತು. ಕಾಲಿನ ಮಣ್ಣನ್ನೂ ಒಯ್ಯಬಾರದು, ಬಾಯಿಯ ಮಾತನ್ನೂ ಒಯ್ಯಬಾರದು. ಯಾರ ಮನೆಯಲ್ಲಿ ಹುಳ ಚೆನ್ನಾಗಿ ಬಂದಿದೆ, ಯಾರದು ಕೆಟ್ಟಿದೆ ಎಂದು ಅವರ ಬಾಯಲ್ಲಿ ಕೇಳಿದವರಿಲ್ಲ. ಹುಳು ಸಾಕುವವರಿಗೆ ದೃಷ್ಟಿಯ ಭಯ ಬಹಳ. ಪರಿಚಯವಿಲ್ಲದವರನ್ನು ಹುಳುಮನೆಯ ಬಾಗಿಲಿಗೂ ಬಿಡುವುದಿಲ್ಲ. ಆದರೆ ಸಾಸಲು ಕಡೆಯ ಹಳ್ಳಿಗಳಲ್ಲಿ ಮೇಡಂ ಬಂದರೆಂದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಅವರ ಬಾಯಿಯ ಮೇಲಿನ ನಂಬಿಕೆಯಿಂದಲೇ ಅಷ್ಟು ಸಲಿಗೆ.

ಇಂಥವರಿಗೆ ಹುಲಿಯ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ನಿವೃತ್ತರಾದ ವರ್ಷ ಸಹೋದ್ಯೋಗಿಗಳೆಲ್ಲ ಸೇರಿ ಒಂದು ದುರ್ಬೀನು ಕೊಟ್ಟಿದ್ದರು. ತಮಾಷೆಗೆ ಕೊಟ್ಟಿದ್ದಂತೆ, ಇನ್ನು ಮೇಲೆ ಮನೆಯಲ್ಲೇ ಕೂತು ಹುಳ ನೋಡಿ ಎಂದು. ಇವರು ಅದನ್ನು ತೆಗೆದುಕೊಂಡು ಬೇಸಿಗೆಯಲ್ಲಿ ಒಬ್ಬರೇ ಕಬಿನಿ ಕಡೆಯ ಕಾಡಿಗೆ ಹೋದರು. ಅಲ್ಲಿಂದ ಪ್ರತಿ ಬೇಸಿಗೆಯೂ ಅದೇ ಕಾಡು, ಅದೇ ಸಣ್ಣ ವಸತಿ, ಮೂರು ದಿನ, ದಿನಕ್ಕೆರಡು ಸಫಾರಿ. ಬೇರೆ ಕಾಡು ನೋಡೋಣ ಎಂದರೆ, ಇದನ್ನೇ ಇನ್ನೂ ನೋಡಿ ಮುಗಿದಿಲ್ಲವಲ್ಲ ಎನ್ನುತ್ತಿದ್ದರು. ನಾಲ್ಕನೆಯ ವರ್ಷ ನನ್ನನ್ನೂ ಕರೆದರು. ಮನೆಯವರು, ಹೋಗಿ ಬಾ, ಮೂರು ದಿನ ಮನೆಯಲ್ಲಿ ಸದ್ದಿರೋದಿಲ್ಲ ಎಂದು ಖುಷಿಯಿಂದ ಕಳಿಸಿಕೊಟ್ಟರು.

ನೆಲಮಂಗಲದಲ್ಲಿ ಕಾಫಿಗೆ ಇಳಿದಾಗ ಮೇಡಂ ನನ್ನ ತಲೆ ನೋಡಿದರು. ಎರಡು ಮೊಳ ಮಲ್ಲಿಗೆ ಮುಡಿದಿದ್ದೆ, ಪ್ರವಾಸವಲ್ಲವೇ. ತೆಗೆಯಿರಿ ಎಂದರು. ಹುಳುಮನೆಗೆ ಹೂವು, ಪೌಡರು, ಸೆಂಟು, ಊದುಬತ್ತಿ ಯಾವುದೂ ಆಗದು, ಕಾಡೂ ಹಾಗೆಯೇ ಎಂದರು. ನನಗೆ ಸಿಟ್ಟು ಬಂತು. ಆದರೂ ತೆಗೆದು ಹೋಟೆಲಿನ ಗಲ್ಲಾದ ಮೇಲಿದ್ದ ಗಣಪತಿ ಫೋಟೋಗೆ ಹಾಕಿದೆ. ಆಮೇಲೆ ಮೇಡಂ ಚಕ್ಕುಲಿಯ ಪ್ಲಾಸ್ಟಿಕ್ ಕವರು ಹಿಡಿದು ಅಲ್ಲಾಡಿಸಿ, ಸದ್ದು ಕೇಳಿಸಿಕೊಂಡು, ಅದನ್ನು ಬಟ್ಟೆಯ ಚೀಲಕ್ಕೆ ಸುರಿದರು. ಮೂರು ದಿನ ಮೆತ್ತಗಾದ ಚಕ್ಕುಲಿ ತಿಂದೆವು.

ಸಫಾರಿ ಜೀಪಿನಲ್ಲಿ ನಮ್ಮ ಜೊತೆ ಬೆಂಗಳೂರಿನ ಒಂದು ಕುಟುಂಬವಿತ್ತು. ಒಂದು ಕೆರೆಯ ಅಂಚಿನಲ್ಲಿ ನಿಂತು ಹತ್ತು ನಿಮಿಷವೂ ಆಗಿಲ್ಲ, ಎದುರಿಗೆ ಬಂದ ಇನ್ನೊಂದು ಜೀಪಿನವರು ಆ ಕಡೆಯ ದಾರಿಯಲ್ಲಿ ಹುಲಿ ಕಂಡಿತು ಎಂದರು. ಕುಟುಂಬದ ಯಜಮಾನರು ಎದ್ದು ನಿಂತು ಡ್ರೈವರಿಗೆ ಬೇಗ ಬೇಗ ಎಂದು ಅವಸರ ಮಾಡಿದರು. ಡ್ರೈವರು ಗೇರಿಗೆ ಕೈ ಹಾಕಿದ. ಆಗ ಮೇಡಂ ಎಡಗೈಯ ಅಂಗೈಯನ್ನು ಕೆಳಮುಖ ಮಾಡಿ ಗಾಳಿಯಲ್ಲಿ ಹಿಡಿದರು. ಹುಳದ ತಟ್ಟೆಯ ಮೇಲೆ ಮುಟ್ಟದೆ ಹಾಗೆ ಕೈ ಹಿಡಿದರೆ ಕಾವು ಎಷ್ಟಿದೆ ಎಂದು ಗೊತ್ತಾಗುತ್ತದಂತೆ. ಬೇರೆಯವರ ಮುಂದೆ ಹಿಡಿದರೆ ಅದರ ಅರ್ಥ ಸಾವಕಾಶ ಎಂದು.

‘ನೀವು ಹುಲಿ ನೋಡೋಕ್ ಬಂದಿದೀರಾ, ಇಲ್ಲ ಹುಲಿ ಕಂಡೋರನ್ನ ನೋಡೋಕ್ ಹೋಗ್ತೀರಾ?’ ಎಂದು ಆ ಯಜಮಾನರನ್ನು ಕೇಳಿದರು. ಯಜಮಾನರು ಎರಡನೆಯದನ್ನೇ ಆರಿಸಿಕೊಂಡರು. ಜೀಪು ಓಡಿತು. ಅಲ್ಲಿಗೆ ಹೋದಾಗ ಏಳು ಜೀಪು ನಿಂತಿದ್ದವು, ಹುಲಿಯಿರಲಿಲ್ಲ.

ಮಾರನೆಯ ದಿನದಿಂದ ಮೇಡಂ ಏನು ಹೇಳಿ ಒಪ್ಪಿಸಿದರೋ, ಒಬ್ಬ ವಯಸ್ಸಾದ ಡ್ರೈವರು ನಮ್ಮನ್ನು ಕೆರೆಯ ಅಂಚಿನಲ್ಲೇ ನಿಲ್ಲಿಸಿಕೊಂಡು ಕೂತ. ಎರಡೂವರೆ ಗಂಟೆ ಹೊತ್ತು. ನಾನು ಏನೋ ಹೇಳಲು ಬಾಯಿ ತೆರೆದರೆ, ‘ಜ್ವರಕ್ಕೆ ಕೂತ್ಕೊಳ್ಳಿ ಟೀಚರ್’ ಎನ್ನುತ್ತಿದ್ದರು. ರೇಷ್ಮೆ ಹುಳ ಚರ್ಮ ಕಳಚುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ, ಒಂದು ದಿನ ಕದಲದೆ ಇರುತ್ತದೆ. ಸಾಕುವವರು ಅದನ್ನು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ನಾನು ಕೂತೆ. ಕಾಲು ಜೋಮು ಹಿಡಿಯಿತು, ಸೊಂಟ ಹಿಡಿಯಿತು, ಮನಸ್ಸಿನಲ್ಲೇ ಮೇಡಂಗೆ ಬಾಯಿಗೆ ಬಂದಂತೆ ಬೈದೆ. ಆ ವರ್ಷ ಹುಲಿ ಕಾಣಲಿಲ್ಲ. ಒಂದು ಮಿಂಚುಳ್ಳಿ ಎಷ್ಟು ಸಲ ಮುಳುಗಿ ಎಷ್ಟು ಸಲ ಬರಿಬಾಯಲ್ಲಿ ಎದ್ದಿತು ಎಂದು ಮೇಡಂ ಬರೆದುಕೊಂಡರು.

ಬರೆಯುವುದಕ್ಕೆ ಅವರ ಹತ್ತಿರ ಒಂದು ಉದ್ದ ಪುಸ್ತಕವಿತ್ತು. ಹುಳುಮನೆಯಲ್ಲಿ ಗೋಡೆಗೆ ತೂಗುಹಾಕುವ ಪಟ್ಟಿಯಂತೆ ಗೆರೆ ಎಳೆದು, ಹೊತ್ತು, ಗಾಳಿ, ಕಾವು, ಕಂಡದ್ದು ಎಂದು ನಾಲ್ಕು ಕಾಲಂ ಮಾಡಿದ್ದರು. ಎಲ್ಲಿ ಎಂಬ ಕಾಲಂ ಇರಲಿಲ್ಲ. ಕೇಳಿದ್ದಕ್ಕೆ, ಪುಸ್ತಕ ಯಾರ ಕೈಗಾದರೂ ಸಿಗಬಹುದು, ಜಾಗ ನನ್ನ ತಲೆಯಲ್ಲಿದ್ದರೆ ಸಾಕು ಎಂದರು.

ಮುಂದಿನ ಬೇಸಿಗೆಯ ಎರಡನೆಯ ಸಂಜೆ ಹುಲಿ ಬಂತು. ನಾವು ಅದೇ ಅಂಚಿನಲ್ಲಿ ಕೂತಿದ್ದೆವು, ಬೇರೆ ಜೀಪುಗಳೆಲ್ಲ ಇನ್ನೆಲ್ಲಿಗೋ ಓಡಿದ್ದವು. ಲಂಟಾನ ಪೊದೆಯ ಪಕ್ಕದಿಂದ ಅದು ನಡೆದು ಬಂದ ರೀತಿಯಲ್ಲಿ ಯಾವ ಆತುರವೂ ಇರಲಿಲ್ಲ. ನೀರಿನ ಹತ್ತಿರ ಬಂದು, ತಿರುಗಿ, ಬೆನ್ನು ಮಾಡಿ, ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ನೀರಿಗೆ ಇಳಿಯಿತು. ನಮ್ಮತ್ತೆ ಕಲ್ಯಾಣಿಗೆ ಇಳಿಯುವುದು ಥೇಟು ಹಾಗೆಯೇ. ಕುತ್ತಿಗೆಯವರೆಗೆ ಮುಳುಗಿ ಕೂತು ಕಣ್ಣು ಮುಚ್ಚಿತು. ನನ್ನ ಕಣ್ಣಲ್ಲಿ ಸುಮ್ಮಸುಮ್ಮನೆ ನೀರು ಬಂತು. ಮೇಡಂ ದುರ್ಬೀನನ್ನು ತಾವು ನೋಡದೆ ನನ್ನ ಕೈಗೆ ಕೊಟ್ಟರು. ಮುಕ್ಕಾಲು ಗಂಟೆ ನಾನು ಒಂದು ಮಾತೂ ಆಡಲಿಲ್ಲ. ವಸತಿಗೆ ವಾಪಸ್ಸು ಬಂದ ಮೇಲೆ, ಪರವಾಗಿಲ್ಲವೇ ಟೀಚರ್, ಪಾಸಾದಿರಿ ಎಂದರು. ಸರ್ಕಾರದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದೇನೆ, ಯಾವುದಕ್ಕೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ.

ಹೀಗೆ ಮೂರು ಬೇಸಿಗೆ ಜೊತೆಯಲ್ಲಿ ಹೋದೆವು. ಮೂರನೆಯದರ ಮುಂದಿನ ಚಳಿಗಾಲದಲ್ಲಿ ಆ ಸಂಗತಿ ನಡೆಯಿತು.

ಸಾಸಲು ಕಡೆ ಬಂಡೆಗಳ ಒಂದು ಗುಡ್ಡ. ಯಾವ ಗುಡ್ಡ ಎಂದು ಈಗಲಾದರೂ ಹೇಳುವುದಿಲ್ಲ. ಅದರ ಬುಡದಲ್ಲಿ ಮೇಡಂಗೆ ಹಳೆಯ ಪರಿಚಯದ ಒಬ್ಬ ಅಜ್ಜಿ, ಈಗಲೂ ನಾಲ್ಕು ತಟ್ಟೆ ಹುಳ ಸಾಕುವವರು. ಆ ಅಜ್ಜಿಯ ನಾಯಿ ಕಾಣೆಯಾದಾಗ ಅವರು ಮೇಡಂಗೆ ಮಾತ್ರ ಹೇಳಿಕಳಿಸಿದರು. ಮೇಡಂ ಸ್ಕೂಟಿಯಲ್ಲಿ ಹೋಗಿ, ಗುಡ್ಡದ ಎದುರಿನ ಹೊಂಗೆ ಮರದ ಕೆಳಗೆ ಕೂತು ನೋಡತೊಡಗಿದರು. ಮುಂದೆ ಎಷ್ಟೋ ವಾರ ಬೆಳಿಗ್ಗೆ ಏಳು ಗಂಟೆಗೆ ಅವರ ಸ್ಕೂಟಿ ಬೀದಿಯಿಂದ ಹೊರಡುವುದನ್ನು ಕಂಡು, ಎಲ್ಲಿಗೆ ಎಂದು ಕೇಳಿದರೆ ವಾಕಿಂಗು ಎನ್ನುತ್ತಿದ್ದರು. ಸ್ಕೂಟಿಯ ಮೇಲೆ ವಾಕಿಂಗೇ ಎಂದು ನಾನು ನಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋದರು. ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಕೂತೆವು. ಬಿಸಿಲು ಏರಿ ಬಂಡೆಯ ಮೇಲೆ ಬಿದ್ದಾಗ, ಬಂಡೆಯದೇ ಒಂದು ತುಂಡು ಎಂದುಕೊಂಡಿದ್ದದ್ದು ಬಾಲ ಅಲ್ಲಾಡಿಸಿತು. ಹೆಣ್ಣು ಚಿರತೆ. ಸ್ವಲ್ಪ ಹೊತ್ತಿಗೆ ಅದರ ಹಿಂದಿನ ಸಂದಿಯಿಂದ ಎರಡು ಮರಿ ಬಂದವು. ಒಂದು ತಾಯಿಯ ಬಾಲ ಹಿಡಿಯಲು ಹೋಗಿ ಬಂಡೆಯಿಂದ ಜಾರಿತು, ತಾಯಿ ಕತ್ತು ತಿರುಗಿಸಿಯೂ ನೋಡಲಿಲ್ಲ. ನಮ್ಮ ತಾಲ್ಲೂಕು, ನಾನು ಹುಟ್ಟಿ ಬೆಳೆದ ಕಡೆ, ಬಸ್ಸಿನ ಹಾರನ್ ಕೇಳುವಷ್ಟು ಹತ್ತಿರ. ಕಬಿನಿಯ ಹುಲಿ ಕಂಡಾಗಲೂ ನನಗೆ ಹೀಗಾಗಿರಲಿಲ್ಲ.

ವಾಪಸ್ಸು ಬರುವಾಗ ರಸ್ತೆಬದಿಯ ಟೀ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿ, ಟೀ ಕುಡಿದು ಮುಗಿಸಿ, ಅಂಗಡಿಯಿಂದ ದೂರ ಬಂದ ಮೇಲೆ ಮೇಡಂ ಹೇಳಿದರು.

‘ಇದು ಅಜ್ಜಿಗ್ ಗೊತ್ತು, ನಂಗ್ ಗೊತ್ತು. ಈಗ ನಿಮ್ಗೆ. ಮನೆಯವ್ರಿಗೂ ಬೇಡ ಟೀಚರ್.’

ಆಯ್ತು ಮೇಡಂ ಎಂದೆ. ಮೂರು ದಿನ ತಡೆದುಕೊಂಡೆ. ನನ್ನ ಜಾಯಮಾನಕ್ಕೆ ಅದು ಮೂರು ವರ್ಷ.

ನನ್ನ ತಂಗಿಯನ್ನು ಆ ಗುಡ್ಡದ ಆಚೆ ಮಗ್ಗುಲಿನ ಹಳ್ಳಿಗೆ ಕೊಟ್ಟಿದೆ. ಅವರ ಮನೆಯಲ್ಲಿ ಮೂವತ್ತು ಕುರಿಗಳಿವೆ. ಬುಧವಾರ ಸಂಜೆ ಫೋನು ಮಾಡಿ, ಕುರಿಗಳನ್ನು ಸ್ವಲ್ಪ ದಿನ ಗುಡ್ಡದ ಕಡೆ ಬಿಡಬೇಡಿ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತಂಗಿ ಬಿಡುವ ಪೈಕಿಯಲ್ಲ, ಯಾಕೆ ಯಾಕೆ ಎಂದು ಪೀಡಿಸಿದಳು.

‘ಯಾರ್ಗೂ ಹೇಳ್ಬೇಡ ಕಣೇ’ ಎಂದೆ. ‘ಚಿರತೆ ಮರಿ ಹಾಕಿದೆ. ಎರಡು. ನಾನೇ ಕಣ್ಣಾರೆ ನೋಡ್ದೆ.’

ಕುರಿಯ ಕಾಳಜಿಯಿಂದ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಈಗ ಬರೆಯಲು ಕೂತಿರುವಾಗ ಇನ್ನೇಕೆ ಮುಚ್ಚುಮರೆ. ಕಾಳಜಿ ಅರ್ಧ ಇತ್ತು. ಇನ್ನರ್ಧ, ನಾನೇ ಕಣ್ಣಾರೆ ನೋಡಿದೆ ಎಂದು ಯಾರಿಗಾದರೂ ಹೇಳಿಕೊಳ್ಳುವ ಚಪಲ. ಮೇಡಂ ಕುರಿಗಳ ವಿಷಯ ಯೋಚಿಸಿರಲಿಲ್ಲ ಎಂದು ನಾನು ಎಣಿಸಿದ್ದೆ. ಮರಿ ಕಂಡ ದಿನವೇ ಅವರು ನನಗೂ ಹೇಳದೆ ಅರಣ್ಯ ಇಲಾಖೆಯ ಗಾರ್ಡಿಗೆ ಗುಟ್ಟಾಗಿ ತಿಳಿಸಿದ್ದರಂತೆ. ಆತ ಸುತ್ತಲಿನ ಕುರಿಯವರಿಗೆ, ಗುಡ್ಡದ ಮೇಲೆ ಹುಲ್ಲು ಒಣಗಿದೆ, ಬೆಂಕಿಯ ಭಯ, ಈ ಸಲ ಆ ಕಡೆ ಬರಬೇಡಿ ಎಂದು ಹೇಳಿಯಾಗಿತ್ತಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಹೇಳಬೇಕಾದವರಿಗೆ ಅವರು ಹೇಳಿದ್ದರು.

ತಂಗಿ ಗಂಡನಿಗೆ ಹೇಳಿದಳು. ಅವಳ ಗಂಡ ಹಾಲಿನ ಡೈರಿಯ ಹತ್ತಿರ ಒಬ್ಬರಿಗೆ ಹೇಳಿದ. ಮುಂದಿನ ಭಾನುವಾರದ ಹೊತ್ತಿಗೆ ಸುದ್ದಿ ಎಷ್ಟು ಫೋನುಗಳಲ್ಲಿತ್ತೋ ಲೆಕ್ಕವಿಲ್ಲ. ಅವತ್ತು ಮಧ್ಯಾಹ್ನ ಬೈಕುಗಳಲ್ಲಿ ಜನ ಬಂದರು. ಎಲ್ಲಿಂದಲೋ ಬಂದವರೇ ಹೆಚ್ಚು. ಬಂಡೆ ಹತ್ತಿ ಸೆಲ್ಫಿ ತೆಗೆದುಕೊಂಡರು. ಚಿರತೆ ಕಾಣದಿದ್ದಾಗ ಸಂದಿಯಿಂದ ಹೊರಡಿಸಲು ಪಟಾಕಿ ಹಚ್ಚಿದರು, ಒಣಹುಲ್ಲಿಗೆ ಕಿಡಿ ತಗುಲಿ ಗುಡ್ಡದ ಒಂದು ಮಗ್ಗುಲು ಉರಿಯಿತು. ಸೋಮವಾರ ಬೆಳಿಗ್ಗೆ ಹೆಣ್ಣು ಚಿರತೆ ಟಾರು ರಸ್ತೆಯ ಪಕ್ಕದಲ್ಲಿ ಬಿದ್ದಿತ್ತು. ಯಾವ ವಾಹನ ಹೊಡೆಯಿತೋ ಯಾರಿಗೂ ಗೊತ್ತಿಲ್ಲ. ಮರಿಗಳು ಬಂಡೆಯ ಸಂದಿಯಲ್ಲಿ ಸಿಕ್ಕವು. ಒಂದಕ್ಕೆ ಹೊಗೆ ಕುಡಿದು ಉಸಿರಿರಲಿಲ್ಲ. ಇನ್ನೊಂದನ್ನು ಅರಣ್ಯದವರು ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ತೆಗೆದುಕೊಂಡು ಹೋದರು.

ನನಗೆ ಇದು ಗೊತ್ತಾದದ್ದು ಶಾಲೆಯಲ್ಲಿ. ಎರಡನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ವಾಟ್ಸಾಪಿನಲ್ಲಿ ಫೋಟೋ. ಬಂಡೆಯ ಮೇಲೆ ಬಿಸಿಲಿಗೆ ಅಲ್ಲಾಡಿದ ಬಾಲ ರಸ್ತೆಯ ಬಿಳಿ ಗೆರೆಯ ಮೇಲೆ ಬಿದ್ದಿತ್ತು. ಸಹೋದ್ಯೋಗಿಯೊಬ್ಬರು, ಅಯ್ಯೋ ನಮ್ ಕಡೆ ಚಿರತೆ ಇತ್ತೇನ್ರೀ ಎಂದು ಆಶ್ಚರ್ಯಪಟ್ಟರು. ನಾನೂ ಆಶ್ಚರ್ಯಪಟ್ಟವಳ ಹಾಗೆ ಮುಖ ಮಾಡಿದೆ. ಮೂರನೆಯ ಪೀರಿಯಡಿನಲ್ಲಿ ಪಾಠ ಮಾಡಲಾಗದೆ ಮಕ್ಕಳಿಗೆ ಭೂಪಟ ಬಿಡಿಸಲು ಹೇಳಿ ಕೂತೆ.

ಸಂಜೆ ಎದುರು ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು, ಇದನ್ನು ನಂಬಿ. ಮೇಡಂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು ಮಾಡಿಕೊಂಡು ಚಪ್ಪಲಿ ತೊಳೆಯುತ್ತಿದ್ದರು. ಎರಡೂ ಜೊತೆ. ಕೂತಿದ್ದ ಗೋಣಿಚೀಲವನ್ನೂ ನೆನೆಹಾಕಿದ್ದರು. ಸ್ಕೂಟಿಯ ಟಯರುಗಳ ಮೇಲೆ ನೀರು ಸುರಿದ ಗುರುತು. ನನ್ನನ್ನು ನೋಡಿ ಬನ್ನಿ ಎನ್ನಲಿಲ್ಲ. ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ ಎಂದರು. ಟೀ ಅಂಗಡಿಯವನು ಮಾತಾಡಿಸಿದನಂತೆ. ದಿನಾ ನಿಮ್ಮ ಗಾಡಿ ಆ ಮರದ ಕೆಳಗೆ ನಿಂತಿರುತ್ತಿತ್ತಲ್ಲ ಮೇಡಂ, ಏನೋ ಇದೆ ಎಂದು ಜನಕ್ಕೆ ಅನುಮಾನ ಬರದೆ ಇರುತ್ತದೆಯೇ ಎಂದನಂತೆ. ಅವನು ಊಹೆಯ ಮೇಲೆ ಆಡಿದ ಮಾತು. ಮೇಡಂ ಅದನ್ನು ತೀರ್ಪು ಎಂದು ತೆಗೆದುಕೊಂಡಿದ್ದರು.

‘ಅವತ್ತೂ ನನ್ ಕಾಲಿಂದ್ಲೇ ಹೋಗಿದ್ದು’ ಎಂದರು, ಚಪ್ಪಲಿ ಉಜ್ಜುತ್ತಲೇ. ‘ಇವತ್ತೂ ನಾನೇ ಹೊತ್ಕೊಂಡು ಹೋದೆ ಕಣ್ರೀ. ನೋಡಿದ್ದು ಸಾಕು ಅಂತ ನಿಲ್ಲಿಸ್ಬೇಕಿತ್ತು. ಆಸೆ. ದಿನಾ ಹೋದೆ.’

ಆ ಕ್ಷಣ ನನ್ನದಾಗಿತ್ತು. ನಾನು ಕಣ್ರೀ ಮೇಡಂ, ನಿಮ್ಮ ಗಾಡಿಯಲ್ಲ, ನನ್ನ ಬಾಯಿ ಎಂದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಇಲ್ಲವೇ ಮಾತು ಬಿಡುತ್ತಿದ್ದರು. ನನಗೆ ಅದರ ಭಯ. ಪಾಸಾದಿರಿ ಎಂದವರ ಬಾಯಲ್ಲಿ ಫೇಲು ಎನ್ನಿಸಿಕೊಳ್ಳುವ ಭಯ.

‘ಬಿಡಿ ಮೇಡಂ’ ಎಂದೆ. ‘ಯಾರಿಂದ ಆಯ್ತೋ ಏನೋ. ನೀವ್ಯಾಕೆ ತಲೆಗೆ ಹಚ್ಕೋತೀರಾ.’

ಬಕೆಟ್ಟು ಎತ್ತಿಕೊಂಡು ಹೋಗಿ ನೀರನ್ನು ಚರಂಡಿಗೆ ಸುರಿದುಬಂದೆ. ಅವರಿಗೆ ನಾನು ಮಾಡಿದ ಸಹಾಯ ಅಷ್ಟೇ.

ಅಲ್ಲಿಂದ ಮೇಡಂ ಬದಲಾದರು ಎಂದರೆ ಬೀದಿಯವರು ನಂಬುವುದಿಲ್ಲ, ಯಾಕೆಂದರೆ ಮೊದಲೂ ಅವರು ಹೆಚ್ಚು ಮಾತಿನವರಲ್ಲ. ಸ್ಕೂಟಿಯನ್ನು ಹಾಲು ಹಾಕುವ ಹುಡುಗಿಗೆ ಕೊಟ್ಟುಬಿಟ್ಟರು. ಅಜ್ಜಿಯ ಹುಳುಮನೆಗೂ ಹೋಗುವುದು ನಿಲ್ಲಿಸಿದರು. ಅಜ್ಜಿಯೇ ಎರಡು ಸಲ ಹೇಳಿಕಳಿಸಿದರೂ, ನನ್ನ ಕಾಲು ಬೇಡ ಎಂದರು. ಬೇಸಿಗೆ ಬಂತು. ಕಬಿನಿಯ ವಸತಿಯವರು ಫೋನು ಮಾಡಿ, ಈ ಸಲ ಯಾವಾಗ ಬರುತ್ತೀರಿ ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ. ಇನ್ನು ಬರುವುದಿಲ್ಲಪ್ಪ ಎಂದರು. ಆರೋಗ್ಯವೇ ಎಂದು ಅವರು ಕೇಳಿರಬೇಕು. ಹೂಂ ಎಂದರು. ದುರ್ಬೀನು ಟ್ರಂಕು ಸೇರಿತು. ಆರು ವರ್ಷ ಒಂದು ಕೆರೆಯ ಅಂಚನ್ನು ನೋಡಿ ಮುಗಿದಿಲ್ಲ ಎನ್ನುತ್ತಿದ್ದವರು, ತಮಗೆ ತಾವೇ ಶಿಕ್ಷೆ ಹಾಕಿಕೊಂಡು ಮನೆಯೊಳಗೆ ಕೂತರು. ಆ ಶಿಕ್ಷೆ ನನ್ನದು. ಅವರು ಅನುಭವಿಸುವುದನ್ನು ನಾನು ಎದುರು ಮನೆಯ ಕಿಟಕಿಯಿಂದ ನೋಡಿಕೊಂಡಿದ್ದೆ.

ಹೇಳಲು ಪ್ರಯತ್ನಪಡಲಿಲ್ಲವೇ ಎಂದರೆ, ಪಟ್ಟೆ. ಒಂದು ಸಲ ಯುಗಾದಿಯ ಒಬ್ಬಟ್ಟು ಕೊಡುವ ನೆಪದಲ್ಲಿ ಹೋಗಿ, ಮೇಡಂ, ನಿಮಗೊಂದು ಮಾತು ಹೇಳಬೇಕಿತ್ತು ಎಂದು ಶುರುಮಾಡಿದೆ. ಹೇಳಿ ಎಂದು ನನ್ನ ಮುಖ ನೋಡಿದರು. ಮಾವಿನಕಾಯಿ ಬಂದಿದೆ, ನಿಮಗೂ ಸೇರಿಸಿ ಉಪ್ಪಿನಕಾಯಿ ಹಾಕಲಾ ಎಂದೆ. ಹಾಕಿ ಎಂದರು. ಆ ಉಪ್ಪಿನಕಾಯಿಯ ಜಾಡಿ ಅವರ ಅಡುಗೆಮನೆಯಲ್ಲಿ ಕಡೆಯವರೆಗೂ ಇತ್ತು. ಹೋದಾಗಲೆಲ್ಲ ನನ್ನನ್ನೇ ನೋಡುತ್ತಿತ್ತು.

ಚಿರತೆಯ ಕೊರಗಿನಲ್ಲೇ ಅವರು ಹೋದರು ಎಂದು ನಾನು ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದು, ಕಡೆಗೆ ಹೃದಯವೂ ಸೋತಿತ್ತು. ಆದರೆ ದಿನಾ ಬೆಳಿಗ್ಗೆ ಎದ್ದು ಹೊರಡಲು ಒಂದು ಕಾರಣವಿದ್ದ ಹೆಂಗಸಿಗೆ ಆ ಕಾರಣವಿಲ್ಲದಂತಾದರೆ ಏನಾಗುತ್ತದೆ ಎಂದು ನಾನು ಹತ್ತಿರದಿಂದ ಕಂಡೆ. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಮಧ್ಯಾಹ್ನ ನಾನೊಬ್ಬಳೇ ಹತ್ತಿರ ಇದ್ದೆ. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡೆ. ಮೇಡಂ, ಆ ಚಿರತೆ, ಎಂದೆ. ಅವರು ಕಣ್ಣು ತೆರೆಯದೆ ಎಡಗೈ ಸ್ವಲ್ಪ ಎತ್ತಿ, ಅಂಗೈ ಕೆಳಮುಖ ಮಾಡಿ ಹಿಡಿದರು. ಸಾವಕಾಶ ಎಂಬ ಅದೇ ಸನ್ನೆ. ಅವರಿಗೆ ಆಯಾಸವಾಗಿತ್ತು, ಅಷ್ಟೇ. ನಾನು ಅದನ್ನೇ ಅಪ್ಪಣೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ನನ್ನ ನಲವತ್ತೆಂಟು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲ ಮಾತಾಡಲೇಬೇಕಾಗಿತ್ತು, ಅವತ್ತು ಜ್ವರಕ್ಕೆ ಕೂತೆ. ಮಾರನೆಯ ಬೆಳಿಗ್ಗೆ ಅವರು ಇರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಜನ ಬಹಳ ಬಂದಿದ್ದರು. ಹಳ್ಳಿಗಳಿಂದ ಹುಳು ಸಾಕುವವರು, ಗುಡ್ಡದ ಬುಡದ ಅಜ್ಜಿ, ಕಬಿನಿಯಿಂದ ಬಸ್ಸು ಹಿಡಿದು ಬಂದಿದ್ದ ಆ ವಯಸ್ಸಾದ ಡ್ರೈವರು. ಅಜ್ಜಿ ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದರು. ಎಲೆಯ ಮುಂದೆ ಕೂತು ಊಟ ಮಾಡುವಾಗ ಹಳ್ಳಿಯ ಒಬ್ಬರು, ಎಂಥಾ ಮನುಷ್ಯರು, ನಮ್ಮ ಮನೆ ವಿಷಯ ಯಾವತ್ತೂ ಹೊರಗೆ ಬಿಡಲಿಲ್ಲ ಎಂದರು. ಪಕ್ಕದಲ್ಲಿ ಕೂತಿದ್ದ ನಾನು ಇನ್ನೊಂದು ಸಲ ಸಾರು ಹಾಕಿಸಿಕೊಂಡೆ.

ಊಟವಾದ ಮೇಲೆ ಮೇಡಂ ಅವರ ತಂಗಿಯ ಮಗಳು ನನ್ನನ್ನು ಒಳಕೋಣೆಗೆ ಕರೆದಳು. ಟ್ರಂಕು ತೆರೆದಿತ್ತು. ಬಟ್ಟೆಯಲ್ಲಿ ಸುತ್ತಿದ್ದ ದುರ್ಬೀನನ್ನೂ ಆ ಉದ್ದ ಪುಸ್ತಕವನ್ನೂ ತೆಗೆದು ಮಂಚದ ಮೇಲೆ ಇಟ್ಟಳು. ಪುಸ್ತಕದ ಕಡೆಯ ಬರಹ ಸಂಕ್ರಾಂತಿಯ ನಂತರದ ಆ ವಾರದ್ದು. ನಾವು ಕಂಡದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ, ಟೀಚರ್ ಉಸಿರೂ ಬಿಡಲಿಲ್ಲ ಎಂದು ಬರೆದಿದ್ದರು. ಆಮೇಲಿನ ಪುಟಗಳಿಗೆ ಗೆರೆ ಎಳೆದಿತ್ತು, ಬರಹವಿರಲಿಲ್ಲ.

‘ದೊಡ್ಡಮ್ಮ ಆಸ್ಪತ್ರೆಗೆ ಹೋಗೋ ಮುಂಚೇನೇ ಹೇಳಿದ್ರು ಆಂಟಿ’ ಎಂದಳು ಆ ಹುಡುಗಿ. ‘ಇವೆರಡೂ ಟೀಚರ್‌ಗೆ ಕೊಡು, ನೋಡಿದ್ದನ್ನ ಹೊಟ್ಟೇಲಿ ಇಟ್ಕೊಳ್ಳೋರು ಅವ್ರೊಬ್ರೇ ಅಂತ. ಆ ಚಿರತೆ ವಿಷ್ಯದಲ್ಲೂ ನೀವು ಯಾರ್ಗೂ ಬಾಯಿ ಬಿಡ್ಲಿಲ್ವಂತಲ್ಲ.’

ಹೊರಗೆ ಅಂಗಳದಲ್ಲಿ ಅಜ್ಜಿ, ಡ್ರೈವರು, ಹಳ್ಳಿಯವರು ಎಲ್ಲ ಕೂತಿದ್ದರು. ಕೂಗಿ ಹೇಳಿದ್ದರೆ ಅಷ್ಟೂ ಜನಕ್ಕೆ ಕೇಳುತ್ತಿತ್ತು. ಹುಡುಗಿ ದುರ್ಬೀನನ್ನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಹೂಂ’ ಎಂದೆ, ದುರ್ಬೀನು ಈಸಿಕೊಳ್ಳಲು ಎರಡೂ ಕೈ ಮುಂದೆ ಚಾಚಿದೆ.